ಉಜ್ಜುವ ಮೊದಲು

ಮಗೂ, ತೋಟದ ಬಾವಿ ಆಳ ಮಾಡಿಸುವಾಗ ಸಿಕ್ಕಿತೆಂದು ನೀನು ಕೊಟ್ಟುಹೋದ ಕಂದುಗೆಂಪು ಕಲ್ಲು ನನ್ನ ಮುಂದಿದೆ. "ತಾತ, ಎಷ್ಟು ಬೆಲೆ ಬಾಳುತ್ತೆ?" ಎಂದು ಕೇಳಿದೆ. ಆ ಮಾತು ಕೊನೆಗಿರಲಿ. ಇದು ಯಾವ ಕಲ್ಲು ಅನ್ನುವುದನ್ನು ಮೊದಲು ತಿಳಿ.

ಬಣ್ಣ ನೋಡಿ ಮೋಸಹೋಗಬೇಡ, ತಕ್ಕಡಿಯನ್ನು ಕೇಳು. ಒಣಗಿದ ಕಲ್ಲನ್ನು ತೂಗಿದೆ, 8 ಗ್ರಾಂ. ದಾರದಲ್ಲಿ ಕಟ್ಟಿ, ಪಾತ್ರೆಯ ತಳ ತಾಗದಂತೆ ನೀರಿನಲ್ಲಿ ಮುಳುಗಿಸಿ ತೂಗಿದೆ, 6 ಗ್ರಾಂ. ಕಡಿಮೆಯಾದ 2ರಿಂದ 8ನ್ನು ಭಾಗಿಸಿದರೆ 4, ಅಂದರೆ ಅಷ್ಟೇ ಗಾತ್ರದ ನೀರಿನ ನಾಲ್ಕು ಪಟ್ಟು ತೂಕ. ಬೆಣಚುಕಲ್ಲಾಗಿದ್ದರೆ 2.65 ಬರಬೇಕಿತ್ತು. ಗಾರ್ನೆಟ್ ಕೂಡ ಸುಮಾರು 4 ಬರುತ್ತದೆ. ಆದರೆ ಅದು ಚೆಂಡಿನ ಹಾಗೆ ಬೆಳೆಯುತ್ತದೆ. ಇದು ಆರು ಮುಖದ ಕಂಬ. ಬೆಣಚುಕಲ್ಲಿನ ಮೇಲೆ ಇದರ ಮೂಲೆ ಎಳೆದರೆ ಆಳವಾದ ಗೀರು ಬಿತ್ತು. ಬೆಣಚಿನ ಗಡಸುತನ 7, ಕುರುವಿಂದದ್ದು 9. ಇದು ಕುರುವಿಂದ, ಮಾಣಿಕ್ಯದ ಜಾತಿಯೇ.

ಕಂಬದ ತುದಿಯ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಒಂದೇ ದೀಪದ ಕೆಳಗೆ ಹಿಡಿದೆ. ಹನಿಯೊಳಗೆ ಆರು ಎಳೆಯ ನಕ್ಷತ್ರ ಮೂಡಿತು! ಕಲ್ಲಿನೊಳಗೆ ಮೂರು ದಿಕ್ಕಿಗೆ ಮಲಗಿರುವ ರೂಟೈಲ್ ಎಂಬ ಖನಿಜದ ಸೂಕ್ಷ್ಮ ಸೂಜಿಗಳಿಂದ ಹಾಗೆ ಕಾಣುವುದು.

ಹರಳು ಉಜ್ಜುವ ಕೆಲಸ ಕಲಿಯುವ ದಿನಗಳಲ್ಲಿ, ದೊಡ್ಡ ಹರಳು ಬರಲೆಂಬ ಆಸೆಗೆ ಇಂಥದ್ದೇ ಕಲ್ಲನ್ನು ನಾನು ಉದ್ದಕ್ಕೆ ಉಜ್ಜಿಬಿಟ್ಟೆ. ನಕ್ಷತ್ರ ಅಂಚಿಗೆ ಸರಿದುಹೋಯಿತು. ಉಜ್ಜಿದ್ದನ್ನು ಮತ್ತೆ ಅಂಟಿಸಲಾಗದು, ಮಗೂ. ಆ ನೋವು ಇನ್ನೂ ಇದೆ. ನೀನು ಕಂಬಕ್ಕೆ ಅಡ್ಡಲಾಗಿ ತಳ ಮಾಡು, ಮೇಲೆ ಗುಮ್ಮಟದ ಹಾಗೆ ಉಬ್ಬು ಬರಲಿ. ಉಜ್ಜುವಾಗ ನೀರು ಹನಿಯುತ್ತಲೇ ಇರಲಿ, ದೂಳು ಎದೆಗಿಳಿಯಬಾರದು. ಕೊನೆಯ ಹೊಳಪಿಗೆ ವಜ್ರದ ಪುಡಿಯೇ ಬೇಕು. ಉಂಗುರ ಮಾಡುವಾಗ ಬೆಸುಗೆಯೆಲ್ಲ ಮುಗಿದು ಆರಿದ ಮೇಲೆ ಹರಳು ಕೂರಿಸಿ, ಸುತ್ತಲಿನ ಬೆಳ್ಳಿಪಟ್ಟಿಯ ಅಂಚನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಒತ್ತು.

ಇನ್ನೊಂದು ಮಾತು. ಒಂದು ಸಿಕ್ಕಿತೆಂದು ಹತ್ತಕ್ಕೆ ಆಸೆಪಟ್ಟು ಕಾಡಿಗೆ ಹೋಗಬೇಡ. ಸುಬ್ರಹ್ಮಣ್ಯ, ಕೊಡಗಿನ ಕಡೆಯ ಮೀಸಲು ಅರಣ್ಯದಲ್ಲಿ ಹರಳುಕಲ್ಲಿಗಾಗಿ ಕದ್ದು ಗುಂಡಿ ತೋಡಿದವರಿದ್ದಾರೆ. ಅದು ಅಪರಾಧ, ಮರದ ಬೇರಿಗೂ ಕೇಡು.

ಬೆಲೆ ಕೇಳಿದೆಯಲ್ಲ, ಬೆಳಕು ದಾಟದ ಇಂಥ ಮಬ್ಬು ಹರಳಿಗೆ ಅಂಗಡಿಯಲ್ಲಿ ದೊಡ್ಡ ಹಣ ಹುಟ್ಟುವುದಿಲ್ಲ. ಆದರೂ ನಿಮ್ಮ ಬಾವಿಯ ನೆಲ ಕೊಟ್ಟ ನಕ್ಷತ್ರ ನಿನ್ನಮ್ಮನ ಬೆರಳಲ್ಲಿರಲಿ. ಭಾನುವಾರ ಬಾ. ತಳದ ಗುರುತನ್ನು ನೀನೇ ಹಾಕು, ನಾನು ದೀಪ ಹಿಡಿಯುತ್ತೇನೆ.