ತಿರಸ್ಕೃತ ಸರಕಿನಿಂದ ಹೊಸ ಸಂಗೀತ: ಎರಡು ಯಂತ್ರಗಳ ಅಧ್ಯಯನ

ವಿದ್ಯುನ್ಮಾನ ಸಂಗೀತವೆಂದೊಡನೆ ಲಕ್ಷಾಂತರ ರೂಪಾಯಿಗಳ ಸ್ಟುಡಿಯೊ ಕಣ್ಣ ಮುಂದೆ ಬರುವುದು ಸಹಜ. ಆದರೆ ಈ ಸಂಗೀತದ ಇಂದಿನ ಹಲವು ಪ್ರಕಾರಗಳು ಬೆಳೆದದ್ದು ಮಾರುಕಟ್ಟೆ ಕೈಬಿಟ್ಟ ಎರಡು ಪುಟ್ಟ ಯಂತ್ರಗಳಿಂದ. ಅಲ್ಪ ಬಂಡವಾಳದಲ್ಲಿ ಸರಕು ತಯಾರಿಸುವವರಿಗೂ ಮಾರುವವರಿಗೂ ಅವುಗಳ ವೃತ್ತಾಂತ ಪರಿಶೀಲನಾರ್ಹವಾಗಿದೆ.

ಇಕುತಾರೊ ಕಕೆಹಾಶಿ 1972ರಲ್ಲಿ ಸ್ಥಾಪಿಸಿದ ಜಪಾನಿನ ರೋಲಂಡ್ ಸಂಸ್ಥೆಯು 1980ರಲ್ಲಿ ಟಿಆರ್-808 ಎಂಬ ತಾಳಯಂತ್ರವನ್ನು ಹೊರತಂದಿತು. ಅದೇ ವರ್ಷ ಅಮೆರಿಕದಲ್ಲಿ ಬಂದ ಲಿನ್ ಎಲ್‌ಎಂ-1 ಯಂತ್ರದಲ್ಲಿ ನಿಜವಾದ ಡ್ರಮ್‌ನ ನಾದವನ್ನೇ ಮುದ್ರಿಸಿ ಚಿಪ್‌ಗಳಲ್ಲಿ ಇರಿಸಲಾಗಿತ್ತು. ಅದರ ಬೆಲೆ ಸುಮಾರು 5,000 ಡಾಲರ್. ಆಗ ಅಂತಹ ಚಿಪ್‌ಗಳು ಬಹಳ ದುಬಾರಿ. ರೋಲಂಡ್ ಆ ವೆಚ್ಚಕ್ಕೆ ಕೈಹಾಕದೆ ಟ್ರಾನ್ಸಿಸ್ಟರು, ಕೆಪಾಸಿಟರುಗಳಿಂದಲೇ ನಾದವನ್ನು ಹುಟ್ಟಿಸಿ, 1,200 ಡಾಲರಿಗೆ ತುಸು ಕಡಿಮೆ ಬೆಲೆಗೆ ಮಾರಿತು. ನಿಗದಿತ ಗುಣಮಟ್ಟಕ್ಕೆ ಹೊಂದದ ಟ್ರಾನ್ಸಿಸ್ಟರುಗಳನ್ನು ಬೇಕೆಂದೇ ಕೊಂಡು ಬಳಸಿದುದಾಗಿ ಕಕೆಹಾಶಿ ತಿಳಿಸಿದ್ದಾರೆ. ಅವುಗಳ ದೋಷವೇ ಯಂತ್ರಕ್ಕೆ ವಿಶಿಷ್ಟ ಧ್ವನಿಯನ್ನು ಕೊಟ್ಟಿತು. ಕಾಲಕ್ರಮದಲ್ಲಿ ಅರೆವಾಹಕಗಳ ತಯಾರಿಕೆ ಸುಧಾರಿಸಿ, ಆ ದೋಷಯುಕ್ತ ಬಿಡಿಭಾಗವೇ ದೊರೆಯದಂತಾಯಿತು. ಸುಮಾರು 12,000 ಯಂತ್ರಗಳ ಬಳಿಕ, 1983ರಲ್ಲಿ ತಯಾರಿಕೆ ನಿಂತಿತು. ಪೂರೈಕೆದಾರರ ಗುಣಮಟ್ಟ ಉತ್ತಮಗೊಂಡುದರಿಂದ ಸರಕೊಂದು ತೊಂದರೆಗೆ ಸಿಲುಕುವುದು ವ್ಯಾಪಾರದಲ್ಲಿ ಅಪರೂಪವೇ ಸರಿ.

ಎರಡನೆಯದಾದ ಟಿಬಿ-303ರ ಕಥೆ ಇನ್ನೂ ಬೋಧಪ್ರದವಾದುದು. ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಮಂದ್ರಸ್ವರದ ಬೇಸ್ ಗಿಟಾರಿನ ಜೊತೆ ಒದಗಿಸಲೆಂದು ತಡಾವೊ ಕಿಕುಮೊಟೊ ಇದನ್ನು ವಿನ್ಯಾಸಗೊಳಿಸಿದರು. ಧ್ವನಿ ಬೇಸ್ ಗಿಟಾರನ್ನು ಹೋಲಲಿಲ್ಲ. ಸ್ವರಗಳನ್ನು ಒಮ್ಮೆ, ಅವುಗಳ ಕಾಲಮಾನವನ್ನು ಮತ್ತೊಮ್ಮೆ ಪ್ರತ್ಯೇಕವಾಗಿ ತುಂಬಬೇಕಾಗಿದ್ದುದರಿಂದ ಕೊಂಡವರೂ ಬೇಸತ್ತರು. ಸುಮಾರು 10,000 ಯಂತ್ರಗಳು ತಯಾರಾಗಿ, 1984ರಲ್ಲಿ ಇದೂ ನಿಂತಿತು. ಉಳಿದವು ಅಗ್ಗದ ಬೆಲೆಗೆ ಹಳೆಯ ಸಾಮಾನಿನ ಅಂಗಡಿಗಳನ್ನು ಸೇರಿದವು.

ಅಲ್ಲಿಂದ ಶಿಕಾಗೋ ನಗರದ ಕೆಲವು ತರುಣರ ಕೈಗೆ ಒಂದು 303 ಬಂದಿತು. ಡಿಜೆ ಪಿಯರ್, ಸ್ಪ್ಯಾಂಕಿ ಮತ್ತು ಹರ್ಬ್ ಜೆ ಎಂಬ ಈ ಮೂವರು 'ಫ್ಯೂಚರ್' ಎಂಬ ತಂಡವಾಗಿ ಕೂಡಿದ್ದರು. ಯಂತ್ರವನ್ನು ಗಿಟಾರಿನಂತೆ ನುಡಿಸುವ ಗೋಜಿಗೆ ಅವರು ಹೋಗಲಿಲ್ಲ. ಒಂದೇ ಸ್ವರಪಂಕ್ತಿ ಓಡುತ್ತಿರುವಾಗಲೇ ಅದರ ನಾದವನ್ನು ಸೋಸುವ ಗುಬುಟುಗಳನ್ನು ತಿರುಗಿಸತೊಡಗಿದರು. ಕಿರುಚುವ, ಬಳುಕುವ, ಹಿಂದೆಂದೂ ಕೇಳಿರದ ಧ್ವನಿ ಹೊಮ್ಮಿತು. 1987ರಲ್ಲಿ ಪ್ರಕಟವಾದ ಅವರ 'ಆಸಿಡ್ ಟ್ರ್ಯಾಕ್ಸ್' ಒಂದು ಹೊಸ ಸಂಗೀತಶೈಲಿಗೇ ಹೆಸರನ್ನಿತ್ತಿತು. ಕೈಯಲ್ಲಿದ್ದ ಯಂತ್ರ ಒಂದೆರಡೇ ಆದುದರಿಂದ ಅದರ ಪ್ರತಿಯೊಂದು ಗುಬುಟನ್ನೂ ಶೋಧಿಸಲು ಅವರಿಗೆ ಸಾಧ್ಯವಾಯಿತೆನ್ನಬೇಕು.

ಮುಂಬಯಿಯ ಚಲನಚಿತ್ರ ವಾದಕ ಚರಣ್‌ಜಿತ್ ಸಿಂಗ್ ಇದಕ್ಕೆ ಐದು ವರ್ಷ ಮೊದಲೇ, 1982ರಲ್ಲಿ, ಇವೇ ಎರಡು ಯಂತ್ರಗಳೊಡನೆ ರೋಲಂಡಿನ ದುಬಾರಿ ಜುಪಿಟರ್-8ನ್ನೂ ಬಳಸಿ ಹತ್ತು ರಾಗಗಳ ಧ್ವನಿಮುದ್ರಿಕೆಯನ್ನು ಹೊರತಂದಿದ್ದರು. ಅದು ಮಾರಾಟವಾಗದೆ ಮರೆಯಾಯಿತು; 2010ರಲ್ಲಿ ಮರುಮುದ್ರಣಗೊಂಡ ಮೇಲಷ್ಟೇ ಜಗತ್ತಿನ ಗಮನ ಸೆಳೆಯಿತು.

ಸಂಗೀತದ ವೆಚ್ಚವನ್ನು ಇಳಿಸಿದ ಮತ್ತೊಂದು ಸಂಗತಿ 1983ರಲ್ಲಿ ಬಳಕೆಗೆ ಬಂದ 'ಮಿಡಿ' ಎಂಬ ಸಂಪರ್ಕ ಮಾನಕ. ಕಕೆಹಾಶಿಯವರೂ ಅಮೆರಿಕದ ಡೇವ್ ಸ್ಮಿತ್ ಅವರೂ ಇದರ ಪ್ರಮುಖ ರೂವಾರಿಗಳು. 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು. ಐದು ಕಡ್ಡಿಗಳ ಸಾಮಾನ್ಯ ಪ್ಲಗ್ಗಿನ ಮೂಲಕ, ಸೆಕೆಂಡಿಗೆ 31,250 ಬಿಟ್‌ಗಳ ವೇಗದಲ್ಲಿ, 16 ವಾಹಿನಿಗಳ ಸೂಚನೆಗಳು ಒಂದೇ ತಂತಿಯಲ್ಲಿ ಹರಿಯುತ್ತವೆ. ಇದನ್ನು ಬಳಸಲು ಯಾವ ತಯಾರಕರೂ ರಾಜಧನ ತೆರಬೇಕಾಗಿರಲಿಲ್ಲ. ಪ್ರತಿಸ್ಪರ್ಧಿಗಳ ಯಂತ್ರಗಳೂ ಪರಸ್ಪರ ಹೊಂದಿಕೊಂಡುದರಿಂದ ಗ್ರಾಹಕನು ಒಂದೇ ಕಂಪನಿಗೆ ಕಟ್ಟುಬೀಳುವುದು ತಪ್ಪಿತು. ಚಿಕ್ಕ ತಯಾರಕನೂ ಒಂದೇ ಉಪಕರಣ ಮಾಡಿ ಮಾರುಕಟ್ಟೆ ಪ್ರವೇಶಿಸುವಂತಾಯಿತು.

ಇಂದು ಆರಂಭಿಸುವವರಿಗೆ ಸಾಧಾರಣ ಗಣಕಯಂತ್ರ, ಎಲ್‌ಎಂಎಂಎಸ್‌ನಂತಹ ಉಚಿತ ತಂತ್ರಾಂಶ, ಉತ್ತಮ ಹೆಡ್‌ಫೋನ್ ಇದ್ದರೆ ಸಾಕು. ಮಿಡಿ ಕೀಲಿಮಣೆ ಅನುಕೂಲಕರ, ಆದರೆ ಅನಿವಾರ್ಯವಲ್ಲ. ಹಣ ಉಳಿಸುವ ಭರದಲ್ಲಿ ಹೆಡ್‌ಫೋನಿಗೆ ಕತ್ತರಿ ಹಾಕುವುದು ಸಲ್ಲದು: ಕೇಳದ ದೋಷವನ್ನು ತಿದ್ದಲಾಗದು. ಹಾಡುಗಾರಿಕೆಯನ್ನು ಮುದ್ರಿಸುವ ಅಗತ್ಯ ಬಂದಾಗ ಮಾತ್ರ ಮೈಕ್ ಹಾಗೂ ಅದನ್ನು ಗಣಕಕ್ಕೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಕೊಂಡರಾಯಿತು. ತಮ್ಮ ಜಾಹೀರಾತಿಗೆ ಹೀಗೆ ಸಂಗೀತ ಮಾಡಿಸುವ ವರ್ತಕರು, ಅದರಲ್ಲಿ ಬಳಸಿದ ಸಿದ್ಧ ನಾದತುಣುಕುಗಳ ವಾಣಿಜ್ಯ ಬಳಕೆಗೆ ಪರವಾನಗಿ ಇದೆಯೇ ಎಂಬುದನ್ನು ಲಿಖಿತವಾಗಿ ಪಡೆದಿರಿಸಿಕೊಳ್ಳುವುದು ಲೇಸು.

ಹಳೆಯ 303 ಈಗ ಸಂಗ್ರಾಹಕರ ನಡುವೆ ಮೂಲ ಬೆಲೆಯ ಹಲವು ಪಟ್ಟಿಗೆ ಮಾರಾಟವಾಗುತ್ತದೆ. 2016ರಲ್ಲಿ ರೋಲಂಡ್ ಅದರ ಕಿರುರೂಪವಾದ ಟಿಬಿ-03ನ್ನು ಬಿಡುಗಡೆ ಮಾಡಿತು. 2019ರಲ್ಲಿ ಬೆರಿಂಗರ್ ಸಂಸ್ಥೆ ಟಿಡಿ-3 ಎಂಬ ಅನುಕೃತಿಯನ್ನು ಇನ್ನೂ ಕಡಿಮೆ ಬೆಲೆಗೆ ತಂದಿತು. ಈ ಸಲ ಎರಡೂ ಕಂಪನಿಗಳು ಕಣ್ಣಿಟ್ಟದ್ದು ಗಿಟಾರ್ ವಾದಕರ ಮೇಲಲ್ಲ, ಗುಬುಟು ತಿರುಗಿಸುವವರ ಮೇಲೆ.