ಬೆನ್ನುಹುರಿಗೆ ಪೆಟ್ಟಾದ ಮಗು ಮನೆಗೆ ಬಂದ ಮೇಲೆ: ವೀಡಿಯೊ ಕರೆಯಿಂದ ಏನು ಸಾಧ್ಯ?

‘ಇವನು ಯಾವಾಗ ನಡೀತಾನೆ ಡಾಕ್ಟ್ರೇ?’ ಬೆನ್ನುಹುರಿಗೆ ಪೆಟ್ಟಾದ ಮಗುವಿನ ತಂದೆತಾಯಿ ಮೊದಲು ಕೇಳುವುದು ಇದನ್ನೇ. ಕೇಳಲೇಬೇಕಾದ ಪ್ರಶ್ನೆ. ಆದರೆ ಮನೆಗೆ ಹೋದ ಮೊದಲ ತಿಂಗಳುಗಳಲ್ಲಿ ಮಗುವಿನ ಆರೋಗ್ಯ ನಿಂತಿರುವುದು ಚರ್ಮ, ಮೂತ್ರ, ಮಲ, ಕೀಲುಗಳ ದಿನನಿತ್ಯದ ಆರೈಕೆಯ ಮೇಲೆ. ಅದನ್ನು ಮಾಡುವವರು ನೀವು. ನಿಮ್ಮ ಕೈ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿದವರೊಬ್ಬರು ನೋಡಿ ಹೇಳುವುದಕ್ಕೆ ವೀಡಿಯೊ ಕರೆ ಬೇಕು.

ಬೈಕ್ ಅಪಘಾತದಲ್ಲೋ ಮರದಿಂದ ಬಿದ್ದೋ ಪೆಟ್ಟಾದ ಹುಡುಗನನ್ನು ತೀರ್ಥಹಳ್ಳಿಯಿಂದ ಅಥವಾ ಸಿಂಧನೂರಿನಿಂದ ಬೆಂಗಳೂರಿಗೆ ಕರೆತರುವುದೆಂದರೆ ಬಾಡಿಗೆ ಕಾರು, ಎತ್ತಿಳಿಸಲು ಇಬ್ಬರು, ಅವರ ದಿನಗೂಲಿ. ಖರ್ಚಿಗಿಂತ ದೊಡ್ಡ ಚಿಂತೆ ಇನ್ನೊಂದಿದೆ. ನೋವೇ ತಿಳಿಯದ ಮೈಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂತರೆ ಆ ಪ್ರಯಾಣವೇ ಹುಣ್ಣು ತರಬಹುದು. ನೋಂದಾಯಿತ ವೈದ್ಯರು ಫೋನ್ ಮತ್ತು ವೀಡಿಯೊ ಮೂಲಕ ಸಲಹೆ ಕೊಡಲು 2020ರ ಮಾರ್ಚ್‌ನಿಂದ ದೇಶದಲ್ಲಿ ಸ್ಪಷ್ಟ ನಿಯಮಗಳಿವೆ. ಸರ್ಕಾರದ ಇ-ಸಂಜೀವಿನಿ ಉಚಿತವಾಗಿ ಸಿಗುತ್ತದೆ; ಜ್ವರ, ಔಷಧಿಯ ಅನುಮಾನಗಳಿಗೆ ಅದು ಉಪಯುಕ್ತ. ಪುನಶ್ಚೇತನದ ವಿಷಯಕ್ಕೆ ಮಾತ್ರ ಮಗುವನ್ನು ಮುಟ್ಟಿ ಪರೀಕ್ಷಿಸಿದ ತಂಡದ ಜೊತೆಗೇ ಮಾತಾಡುವುದು ಒಳ್ಳೆಯದು.

ವ್ಯಾಯಾಮವನ್ನೇ ತೆಗೆದುಕೊಳ್ಳಿ. ಕೈಕಾಲು ಬಿಗಿಯಾಗಬಾರದೆಂದು ಮನೆಮಂದಿ ಪ್ರೀತಿಯಿಂದ ಜೋರಾಗಿ ಎಳೆಯುತ್ತಾರೆ, ಎಣ್ಣೆ ಹಚ್ಚಿ ಒತ್ತಿ ತಿಕ್ಕುತ್ತಾರೆ, ಬಿಸಿನೀರಿನ ಶಾಖ ಕೊಡುತ್ತಾರೆ. ಸ್ಪರ್ಶವಿಲ್ಲದ ಕಾಲು ಸುಟ್ಟರೂ ಮಗುವಿಗೆ ತಿಳಿಯುವುದಿಲ್ಲ. ಶಾಖ ಬೇಡವೇ ಬೇಡ. ಇನ್ನೊಂದು ಸೂಕ್ಷ್ಮ ಹಲವರಿಗೆ ಗೊತ್ತಿಲ್ಲ. ಕುತ್ತಿಗೆಯ ಭಾಗದಲ್ಲಿ ಪೆಟ್ಟಾಗಿ ಬೆರಳಾಡದಿದ್ದರೂ ಮಣಿಕಟ್ಟು ಮೇಲೆತ್ತಬಲ್ಲ ಮಕ್ಕಳಿಗೆ, ಹಾಗೆ ಎತ್ತಿದಾಗ ಬೆರಳುಗಳು ತಾವಾಗಿಯೇ ಮಡಚಿಕೊಂಡು ಹಗುರ ವಸ್ತುವನ್ನು ಹಿಡಿಯುತ್ತವೆ. ಚಮಚ, ಪೆನ್ನು, ಮೊಬೈಲ್ ಎಲ್ಲಕ್ಕೂ ಈ ಹಿಡಿತವೇ ಆಧಾರ. ಮಣಿಕಟ್ಟು ಎತ್ತಿಟ್ಟುಕೊಂಡೇ ಬೆರಳುಗಳನ್ನು ನೆಟ್ಟಗೆ ಎಳೆದರೆ ಬೆರಳು ಮಡಚುವ ಸ್ನಾಯುರಜ್ಜುಗಳು ಸಡಿಲವಾಗಿ ಹಿಡಿತ ಹೋಗುತ್ತದೆ. ಬೆರಳು ಬಿಡಿಸುವಾಗ ಮಣಿಕಟ್ಟು ಕೆಳಗೆ ಬಾಗಿರಬೇಕು. ಬರೆದುಕೊಟ್ಟ ಚೀಟಿಯಲ್ಲಿ ಇದು ಅರ್ಥವಾಗುವುದು ಕಷ್ಟ. ನೀವು ಮಾಡುತ್ತಿರುವುದನ್ನು ಫಿಸಿಯೋಥೆರಪಿಸ್ಟ್ ವೀಡಿಯೊದಲ್ಲಿ ನೋಡಿದರೆ ಅರೆ ನಿಮಿಷದಲ್ಲಿ ತಿದ್ದುತ್ತಾರೆ. ಹಾಗಾಗಿ ಕರೆಯಲ್ಲಿ ಮಾತು ಕಡಿಮೆ ಮಾಡಿ, ಕೆಲಸ ತೋರಿಸಿ. ಒಬ್ಬರು ಫೋನ್ ಹಿಡಿಯಲಿ, ಇನ್ನೊಬ್ಬರು ವ್ಯಾಯಾಮ ಮಾಡಿಸಲಿ. ಮಂಚದಿಂದ ಗಾಲಿಕುರ್ಚಿಗೆ ಹೇಗೆ ದಾಟಿಸುತ್ತೀರಿ, ಬಚ್ಚಲಿನ ಹೊಸ್ತಿಲು ಎಷ್ಟೆತ್ತರ ಇದೆ ಎಂಬುದನ್ನೂ ತೋರಿಸಿ. ಮನೆಯನ್ನು ಆಸ್ಪತ್ರೆಗೆ ಹೊತ್ತು ತರಲಾಗದು. ಈ ಒಂದು ವಿಷಯದಲ್ಲಿ ವೀಡಿಯೊ ಕರೆ ಹೊರರೋಗಿ ವಿಭಾಗದ ಭೇಟಿಗಿಂತ ಮೇಲು.

ಚರ್ಮವನ್ನು ಬೆಳಿಗ್ಗೆ, ರಾತ್ರಿ ನೋಡಿ: ಬೆನ್ನಿನ ತುದಿ, ಕೂರುವ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿ. ಕೂತಾಗ ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿಸಿ ಭಾರ ಇಳಿಸಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು. ಅಲ್ಲಿ ಬಿಸಿ, ಊತ, ಗಡಸುತನ ನೋಡಿ. ಹಗಲ ಬೆಳಕಿನಲ್ಲಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ಕಳಿಸಿ. ಉತ್ತರ ಬರುವವರೆಗೆ ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ.

ಒಂದು ನೋಟ್‌ಬುಕ್ ಇಡಿ. ಕುಡಿದ ನೀರು, ಪೈಪ್ ಹಾಕಿ ತೆಗೆದ ಮೂತ್ರದ ಅಳತೆ, ಹೊತ್ತು, ಮಲವಾದ ದಿನ. ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರ ತೆಗೆಯಲು ಹೇಳಿರುತ್ತಾರೆ. ಆ ಪುಟದ ಫೋಟೊ ವೈದ್ಯರಿಗೆ ಅರ್ಧ ಗಂಟೆಯ ಮಾತಿಗಿಂತ ಹೆಚ್ಚು ಹೇಳುತ್ತದೆ. ಮೂತ್ರ ಮಬ್ಬಾಗಿದೆ ಎಂಬ ಒಂದೇ ಕಾರಣಕ್ಕೆ ಅಂಗಡಿಯಿಂದ ಆಂಟಿಬಯೋಟಿಕ್ ತರಬೇಡಿ. ಜ್ವರ, ಸೆಳೆತ ಹೆಚ್ಚುವುದು, ಹೊಸದಾಗಿ ಸೋರುವುದು ಇದ್ದರೆ ಕರೆ ಮಾಡಿ.

ವೀಡಿಯೊ ಕರೆಗೆ ಕಾಯಬಾರದ ಸಂಗತಿಯೂ ಇದೆ. ಎದೆಯ ಭಾಗದ ಆರನೆಯ ಬೆನ್ನೆಲುಬಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದ ಮಕ್ಕಳಿಗೆ ಒಮ್ಮೆಲೇ ತಲೆ ಸಿಡಿಯುವಂಥ ನೋವು, ಮುಖ ಕೆಂಪೇರುವುದು, ಬೆವರು, ಬಿ.ಪಿ. ಏರಿಕೆ ಬರಬಹುದು. ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುವ ಇದು ಪ್ರಾಣಾಪಾಯದ ಸ್ಥಿತಿ. ಈ ಮಕ್ಕಳ ಬಿ.ಪಿ. ಮೊದಲೇ ಕಡಿಮೆ ಇರುವುದರಿಂದ ಏರಿದ ಅಂಕಿಯೂ ‘ನಾರ್ಮಲ್’ ಎಂದು ಕಾಣಬಹುದು. ನಿಮ್ಮ ಮಗುವಿನ ಮಾಮೂಲಿ ಬಿ.ಪಿ.ಯನ್ನು ಬರೆದಿಟ್ಟುಕೊಳ್ಳಿ. ಈ ಲಕ್ಷಣಗಳು ಕಂಡರೆ ತಕ್ಷಣ ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿಸಿ, ಬಿಗಿ ಬಟ್ಟೆ ಸಡಿಲಿಸಿ, ಪೈಪ್ ಮಡಚಿದೆಯೇ, ಮೂತ್ರಚೀಲ ತುಂಬಿದೆಯೇ ನೋಡಿ. ಕೂಡಲೇ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಉಸಿರಾಟದ ತೊಂದರೆ, ಒಂದೇ ಕಾಲಿನ ಹಠಾತ್ ಊತ, ಚಳಿಜ್ವರಕ್ಕೂ ಆಸ್ಪತ್ರೆಯೇ ದಾರಿ.

ಬೆಳೆಯುವ ವಯಸ್ಸಿನ ಮಕ್ಕಳಿಗೆ ಮತ್ತೂ ಒಂದು ಎಚ್ಚರ ಬೇಕು. ಬೆಳವಣಿಗೆ ಮುಗಿಯುವ ಮುನ್ನ ಪೆಟ್ಟಾದವರಲ್ಲಿ ಬೆನ್ನೆಲುಬು ಪಕ್ಕಕ್ಕೆ ಬಾಗುವುದು ಬಹಳ ಸಾಮಾನ್ಯ, ಸೊಂಟದ ಕೀಲೂ ಜಾರಬಹುದು. ಇವಕ್ಕೆ ಎಕ್ಸ್-ರೇ ಬೇಕು. ಕರೆಗಳು ಚೆನ್ನಾಗಿ ನಡೆಯುತ್ತಿವೆಯೆಂದು ನೇರ ತಪಾಸಣೆಯನ್ನು ಮುಂದೂಡಬೇಡಿ.

ಅಪ್ರಾಪ್ತ ವಯಸ್ಸಿನವರ ಕರೆಯಲ್ಲಿ ಹಿರಿಯರೊಬ್ಬರು ಜೊತೆಗಿರಬೇಕೆಂಬ ನಿಯಮವಿದೆ. ಆದರೂ ಹದಿನಾಲ್ಕರ ಹುಡುಗಿಯ ಮೈಯನ್ನು ಕ್ಯಾಮೆರಾಕ್ಕೆ ತೋರಿಸುವ ಮುನ್ನ ಅವಳನ್ನು ಕೇಳಿ. ನೆಂಟರು, ನೆರೆಯವರು ಕೋಣೆಯಲ್ಲಿ ಬೇಡ. ಕೊನೆಯ ಐದು ನಿಮಿಷ ಅವಳೇ ಮಾತಾಡಲಿ. ಅವಳಿಗೋ ನಿಮಗೋ ಮನಸ್ಸು ಕುಸಿದಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆಸ್ಪತ್ರೆಯಿಂದ ಬಿಡುಗಡೆಯ ಚೀಟಿ ಪಡೆಯುವಾಗಲೇ ಮೊದಲ ವೀಡಿಯೊ ಕರೆಯ ದಿನಾಂಕ, ಸಮಯ, ಕರೆ ಮಾಡುವವರ ಹೆಸರನ್ನು ಅದರ ಮೇಲೆ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ.