ಬೋರಿಗೆ ಬಿಟ್ಟ ಗಾಳಿ, ಎಣ್ಣೆ ಬಾವಿಯ ಒತ್ತಡ

ಪ್ರಶ್ನೆ: ನಮ್ಮ ಹೊಲದ ಬೋರಿಗೆ ಕಂಪ್ರೆಸರ್ ಹಾಕಿಸಿದ್ದೇವೆ. ಪೈಪು 300 ಅಡಿ ಇಳಿದಿದೆ. ಮಳೆಗಾಲದಲ್ಲಿ ನೀರು ಒಂದೇ ಸಮ ಬರುತ್ತದೆ. ಬೇಸಿಗೆಯಲ್ಲಿ ಬುಸ್ ಎಂದು ಬರೀ ಗಾಳಿ, ಆಮೇಲೆ ಒಂದು ಗುಕ್ಕು ನೀರು. ಇನ್ನೂ ದೊಡ್ಡ ಕಂಪ್ರೆಸರ್ ಹಾಕಿಸಲೇ?
— ರೈತರೊಬ್ಬರು, ಕುರೆಕುಪ್ಪ

ಉತ್ತರ: ದುಡ್ಡು ಸುರಿಯುವ ಮೊದಲು ನೀರಿನ ಮಟ್ಟ ತಿಳಿದುಕೊಳ್ಳಿ. ಪೈಪಿನ ಬುಡದಲ್ಲಿ ಒಂದು ತಕ್ಕಡಿ ಇದೆ ಎಂದುಕೊಳ್ಳಿ. ಒಂದು ತಟ್ಟೆಯಲ್ಲಿ ಪೈಪಿನ ಹೊರಗೆ ನಿಂತ ನೀರು, ಇನ್ನೊಂದರಲ್ಲಿ ಪೈಪಿನೊಳಗೆ ಏರುವ ಗಾಳಿ-ನೀರಿನ ಮಿಶ್ರಣ. ಹೊರಗಿನದು ಭಾರವಾದರೆ ಮಾತ್ರ ಒಳಗಿನದು ಮೇಲೆ ಬರುತ್ತದೆ.

ನಿಮ್ಮ 300 ಅಡಿ ಎಂದರೆ ಸುಮಾರು 90 ಮೀಟರ್. ಬೋರು ಓಡುವಾಗ ಪೈಪಿನ ಬುಡದಿಂದ ಮೇಲೆ 45 ಮೀಟರ್ ನೀರು ನಿಂತಿದ್ದರೆ, ಪೈಪಿನೊಳಗೆ ಸರಾಸರಿ ಅರ್ಧಕ್ಕಿಂತ ಕಡಿಮೆ ನೀರಿದ್ದರೆ ಸಾಕು, ಅದು ಮೇಲೇರುತ್ತದೆ. ಬೇಸಿಗೆಯಲ್ಲಿ ಹೊರಗಿನ ನೀರು 30 ಮೀಟರಿಗೆ ಇಳಿದರೆ ಪೈಪಿನಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ ನೀರಿರಬೇಕು. ಅಷ್ಟು ಹಗುರ ಮಾಡಲು ಗಾಳಿ ಹೆಚ್ಚು ಬೇಕು. ಗಾಳಿ ಹೆಚ್ಚಾದಂತೆ ಸಣ್ಣ ಗುಳ್ಳೆಗಳು ಸೇರಿ ಪೈಪಿನ ಅಗಲಕ್ಕೂ ಹಬ್ಬುವ ದೊಡ್ಡ ಗುಳ್ಳೆಗಳಾಗುತ್ತವೆ. ನೀವು ಕಾಣುವ ಗುಕ್ಕು ಅದೇ. ಇನ್ನೂ ಹೆಚ್ಚಿಸಿದರೆ ಪೈಪಿನ ಗೋಡೆಗೆ ಉಜ್ಜುವ ತಡೆ ಬೆಳೆದು, ಒಂದು ಹಂತದ ನಂತರ ನೀರು ಕಡಿಮೆಯೇ ಆಗುತ್ತದೆ. ಬೋರು ಆಳವಿದ್ದು ಕೆಳಗೆ ನೀರಿದ್ದರೆ ಪೈಪು ಇನ್ನಷ್ಟು ಇಳಿಸುವುದು ಮೊದಲ ದಾರಿ. ಕೆಳಗೆ ನೀರೇ ಇಲ್ಲದಿದ್ದರೆ ಯಾವ ಕಂಪ್ರೆಸರೂ ಅದನ್ನು ಹುಟ್ಟಿಸಲಾರದು.

ಪ್ರಶ್ನೆ: ಮಗ ಮುಂಬೈ ಹೈ ತೈಲಕ್ಷೇತ್ರದಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಯೂ ಬಾವಿಗೆ ಗ್ಯಾಸ್ ಬಿಟ್ಟು ಎಣ್ಣೆ ಎತ್ತುತ್ತಾರಂತೆ. ನಮ್ಮ ಕಂಪ್ರೆಸರ್ ಬೋರಿನ ಹಾಗೆಯೇ?
— ತಾಯಿಯೊಬ್ಬರು, ಹೊಸಪೇಟೆ

ಉತ್ತರ: ತತ್ವ ಒಂದೇ ತಾಯಿ. 1974ರಲ್ಲಿ ಪತ್ತೆಯಾದ ಆ ಕ್ಷೇತ್ರದಲ್ಲಿ ಈ ಪದ್ಧತಿ ವ್ಯಾಪಕವಾಗಿದೆ. ಅದಕ್ಕೆ ಗ್ಯಾಸ್ ಲಿಫ್ಟ್ ಎನ್ನುತ್ತಾರೆ. ಎಣ್ಣೆಯ ಜೊತೆ ಗಾಳಿ ಸೇರಿದರೆ ಬೆಂಕಿಯ ಭಯ, ಪೈಪಿಗೆ ತುಕ್ಕಿನ ಭಯ. ಹಾಗಾಗಿ ನೈಸರ್ಗಿಕ ಅನಿಲವನ್ನೇ ಬಿಡುತ್ತಾರೆ. ಇನ್ನೊಂದು ವ್ಯತ್ಯಾಸವೂ ಇದೆ. ನೆಲದಾಳದ ಎಣ್ಣೆಯಲ್ಲಿ ಅನಿಲ ಮೊದಲೇ ಕರಗಿರುತ್ತದೆ. ಗೋಲಿಸೋಡಾದ ಗೋಲಿ ಒತ್ತಿದೊಡನೆ ನೊರೆ ಏಳುವಂತೆ, ಮೇಲೇರುತ್ತ ಒತ್ತಡ ಇಳಿದ ಹಾಗೆ ಅನಿಲ ಹೊರಬಿದ್ದು ಹಿಗ್ಗುತ್ತದೆ. 2000 ಮೀಟರ್ ಆಳದ ಬಾವಿಯ ತುಂಬ ನೀರೇ ಇದ್ದರೆ ಬುಡದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ ಒತ್ತಡ. ನೆಲದಾಳದ ಒತ್ತಡ 180 ಕಿಲೋ ಇದ್ದರೆ ಆ ಬಾವಿ ತಾನಾಗಿ ಉಕ್ಕದು. ಅನಿಲ ಬೆರೆತು ಬಾವಿಯೊಳಗಿನ ದ್ರವದ ಕಂಬ ಹಗುರಾದರೆ ಉಕ್ಕುತ್ತದೆ.

ಪ್ರಶ್ನೆ: ನಮ್ಮ ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ. ಎಣ್ಣೆ ಯಾಕಿಲ್ಲ?
— ಎಂಟನೇ ತರಗತಿ ವಿದ್ಯಾರ್ಥಿ, ಸಂಡೂರು

ಉತ್ತರ: ಎಣ್ಣೆ ಹುಟ್ಟಲು ಸೂಕ್ಷ್ಮಜೀವಿಗಳ ಅವಶೇಷ ಕೆಸರಿನಡಿ ಹೂತು, ಹದವಾದ ಬಿಸಿಯಲ್ಲಿ ಬಹುಕಾಲ ಬೇಯಬೇಕು. ಹುಟ್ಟಿದ ಎಣ್ಣೆ ನಿಲ್ಲಲು ರಂಧ್ರಗಳಿರುವ ಪದರಶಿಲೆಯೂ ಬೇಕು. ಸಂಡೂರಿನ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅವು ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟ ಗಟ್ಟಿ ಬಂಡೆಗಳು. ಹಾಗಾಗಿ ಅಲ್ಲಿ ಎಣ್ಣೆ ಹುಟ್ಟುವ ಹದವೂ ನಿಲ್ಲುವ ರಂಧ್ರವೂ ಉಳಿದಿಲ್ಲ.

ಪ್ರಶ್ನೆ: ಎಣ್ಣೆ ಬಾವಿಯಲ್ಲಿ ಒತ್ತಡ ಎಷ್ಟು ಕುಸಿಯುತ್ತದೆ ಎಂದು ಲೆಕ್ಕ ಹಾಕಲು ಹೇಗೆಡಾರ್ನ್–ಬ್ರೌನ್, ಬೆಗ್ಸ್–ಬ್ರಿಲ್ ಎಂದು ಹಲವು ಸೂತ್ರಗಳಿವೆ. ಒಂದೇ ಬಾವಿಗೆ ಬೇರೆ ಬೇರೆ ಉತ್ತರ ಬರುತ್ತಿವೆ. ಯಾವುದನ್ನು ನಂಬಲಿ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ತೋರಣಗಲ್ಲು

ಉತ್ತರ: ಕುಸಿತಕ್ಕೆ ಮೂರು ಕಾರಣ: ಕಂಬದ ಭಾರ, ಗೋಡೆಯ ಘರ್ಷಣೆ, ವೇಗ ಹೆಚ್ಚಲು ತಗಲುವ ಒತ್ತಡ. ನೇರ ಬಾವಿಯಲ್ಲಿ ಸಾಮಾನ್ಯವಾಗಿ ಭಾರದ್ದೇ ಸಿಂಹಪಾಲು. ಭಾರ ತಿಳಿಯಬೇಕಾದರೆ ಪೈಪಿನೊಳಗೆ ದ್ರವ ಎಷ್ಟು ಪಾಲು ಉಳಿದಿದೆ ಎಂದು ತಿಳಿಯಬೇಕು. ತೊಡಕು ಇರುವುದೇ ಇಲ್ಲಿ.

ಎರಡಿಂಚಿನ ಪೈಪಿನೊಳಗೆ ನೀರು, ಗಾಳಿ ಸಮ ಗಾತ್ರದಲ್ಲಿ ಹೋಗುತ್ತಿವೆ ಎನ್ನೋಣ. ಪೈಪಿನ ಪೂರ್ತಿ ಅಡ್ಡಕೊಯ್ತಕ್ಕೆ ಲೆಕ್ಕ ಹಾಕಿದರೆ ಒಂದೊಂದರ ವೇಗವೂ ಸೆಕೆಂಡಿಗೆ 25 ಸೆಂ.ಮೀ. ಒಳಗೆ ಅರ್ಧ ನೀರಿದೆ ಎಂದು ತೋರುತ್ತದೆ. ಆದರೆ ಗುಳ್ಳೆಗಳು ನೀರನ್ನು ಹಿಂದಿಕ್ಕಿ ಓಡುತ್ತವೆ. ನಿಂತ ನೀರಿನಲ್ಲಿಯೇ ಅವು ಸೆಕೆಂಡಿಗೆ ಸುಮಾರು 25 ಸೆಂ.ಮೀ. ಏರಬಲ್ಲವು. ಇದನ್ನು ಸೇರಿಸಿದರೆ ಪೈಪಿನಲ್ಲಿ ನೀರಿನ ಪಾಲು ಸುಮಾರು 70 ಪ್ರತಿಶತ. 10 ಮೀಟರ್ ತುಂಡಿಗೆ ಅರ್ಧ ಕಿಲೋ ಎಂದುಕೊಂಡ ಒತ್ತಡ ನಿಜವಾಗಿ 0.7 ಕಿಲೋ. ಎಷ್ಟು ದ್ರವ ಹರಿಸಿದೆವು ಎಂಬುದಕ್ಕಿಂತ ಎಷ್ಟು ಹಿಂದುಳಿಯಿತು ಎಂಬುದನ್ನೇ ಹಿಡಿಯಬೇಕು.

ಪ್ರತಿ ಸೂತ್ರವೂ ತಾನು ಹುಟ್ಟಿದ ಪ್ರಯೋಗದ ಗುರುತು ಹೊತ್ತಿರುತ್ತದೆ. 1965ರ ಹೇಗೆಡಾರ್ನ್–ಬ್ರೌನ್ ಸೂತ್ರ 1500 ಅಡಿಯ ನೇರ ಪ್ರಯೋಗ ಬಾವಿಯಲ್ಲಿ, ಸಣ್ಣ ಪೈಪುಗಳಲ್ಲಿ ಅಳೆದದ್ದು. 1973ರ ಬೆಗ್ಸ್–ಬ್ರಿಲ್ ಸೂತ್ರ 90 ಅಡಿಯ ಪಾರದರ್ಶಕ ಪೈಪನ್ನು ಬೇರೆ ಬೇರೆ ಓರೆಯಲ್ಲಿ ಇಟ್ಟು ನೋಡಿದ್ದು. ನಿಮ್ಮ ಬಾವಿ ಯಾವುದನ್ನು ಹೋಲುತ್ತದೋ ಅದರಿಂದ ಶುರು ಮಾಡಿ. ಬಾವಿಯನ್ನು ತುಂಡುತುಂಡಾಗಿ ವಿಂಗಡಿಸಿ, ಪ್ರತಿ ತುಂಡಿನ ಒತ್ತಡಕ್ಕೆ ತಕ್ಕಂತೆ ಅನಿಲದ ಗಾತ್ರ ತಿದ್ದುತ್ತ ಹೋಗಿ. ಕೊನೆಗೆ ಬಾವಿಯ ಬುಡದಲ್ಲಿ ಅಳೆದ ಒತ್ತಡದ ಜೊತೆ ಹೋಲಿಸಿ. ಅಳತೆಗೆ ಹೊಂದಿದ್ದನ್ನು ಮಾತ್ರ ನಂಬಿ.

ಹೀಗೆ ಹೋಲಿಸುವುದನ್ನು ಕಲಿಯಲು ಕಡಲ ನಡುವಿನ ಎಣ್ಣೆ ಬಾವಿಗೆ ಹೋಗಬೇಕಿಲ್ಲ. ಕುರೆಕುಪ್ಪದ ಹೊಲವೊಂದರಲ್ಲಿ ಓಡುತ್ತಿರುವ ಕಂಪ್ರೆಸರ್ ಬೋರಿನ ಹತ್ತಿರ ನಿಲ್ಲಿ. ಗಾಳಿ ಪೈಪಿನ ಗೇಜ್ ಚದರ ಸೆಂಟಿಮೀಟರಿಗೆ 4.5 ಕಿಲೋ ತೋರಿಸಿದರೆ ಪೈಪಿನ ಬುಡದಿಂದ ಮೇಲೆ ಸುಮಾರು 45 ಮೀಟರ್ ನೀರಿದೆ. ಬಕೆಟ್ ತುಂಬುವ ಹೊತ್ತು ಎಣಿಸಿ, ಗಾಳಿಯ ಪ್ರಮಾಣ ಗುರುತು ಹಾಕಿ, ನಿಮ್ಮ ಸೂತ್ರ ಅದೇ 4.5 ಕೊಡುತ್ತದೆಯೇ ನೋಡಿ. ಆ ಲೆಕ್ಕವನ್ನು ರೈತರಿಗೂ ಹೇಳಿ. ಪೈಪು ಇಳಿಸಬೇಕೋ ಬೇಡವೋ ಎಂದು ಅವರು ಕಾಯುತ್ತಿದ್ದಾರೆ.